ತಪ್ಪು ಯಾರದು, ಹೊಣೆ ಯಾರದು

ನಮ್ಮ ಕಡೆ ಸಾವಿನ ಮನೆಗೆ ಹೋದವರು "ಏನಾಗಿತ್ತು?" ಅಂತ ಬಾಯಿಬಿಟ್ಟು ಕೇಳ್ತಾರೆ. "ಯಾರಿಂದ ಆಯ್ತು?" ಅಂತ ಯಾರೂ ಕೇಳೋದಿಲ್ಲ. ಆದರೆ ಅಲ್ಲಿಂದ ಎದ್ದು ಬೀದಿಗೆ ಬರೋ ಹೊತ್ತಿಗೆ ಆ ಎರಡನೇ ಪ್ರಶ್ನೆಗೂ ಒಂದು ಉತ್ತರ ಸಿದ್ಧವಾಗಿರುತ್ತೆ. ನನ್ನ ಭಾವ ತೀರಿಕೊಂಡಾಗ ಆ ಉತ್ತರ ನನ್ನ ಅಕ್ಕನ ತಲೆ ಮೇಲೆ ಬಿತ್ತು. ಅದು ನ್ಯಾಯವಾ ಅಂತ ಬಹಳ ದಿನ ಯೋಚನೆ ಮಾಡಿದೆ. ಆ ಯೋಚನೆಯನ್ನೇ ಇಲ್ಲಿ ಬರೆದಿದ್ದೇನೆ.

ಭಾವನಿಗೆ ಬಂದದ್ದು ಹೃದಯದ ಕವಾಟಕ್ಕೆ ಶಿಲೀಂಧ್ರದ ಸೋಂಕು. ಚಿಕ್ಕ ವಯಸ್ಸಿನಲ್ಲೇ ಅವರ ಹೃದಯದ ಒಂದು ಕವಾಟ ಕೆಟ್ಟಿತ್ತು. ನಲವತ್ತು ದಾಟಿದ ಮೇಲೆ ನಾಲ್ಕು ಹೆಜ್ಜೆ ನಡೆದರೆ ಮೇಲುಸಿರು ಬರೋದಕ್ಕೆ ಶುರುವಾಯ್ತು. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಕೆಟ್ಟ ಕವಾಟ ತೆಗೆದು ಬೇರೆ ಹಾಕಿದರು. ಚೆನ್ನಾಗಾದರು. ಹೊಲಕ್ಕೆ ಹೋದರು, ಹಬ್ಬ ಮಾಡಿದರು. ಎಂಟು ತಿಂಗಳಾದ ಮೇಲೆ ಸಾಯಂಕಾಲದ ಹೊತ್ತು ಜ್ವರ ಬರೋದಕ್ಕೆ ಹಿಡೀತು. ಮೆಡಿಕಲ್ ಶಾಪಿನ ಮಾತ್ರೆ ನುಂಗಿದರೆ ಹೋಗೋದು, ನಾಲ್ಕು ದಿನ ಬಿಟ್ಟು ಮತ್ತೆ ಬರೋದು. ಹೀಗೇ ಒಂದೂವರೆ ತಿಂಗಳು ಹೋಯಿತು. ರಕ್ತ ಪರೀಕ್ಷೆಯಲ್ಲಿ ಯಾವ ಕ್ರಿಮಿಯೂ ಬೆಳೀಲಿಲ್ಲ ಅಂತ ಬಂತು. ಆಮೇಲೆ ಒಂದು ರಾತ್ರಿ ಎಡಗಾಲು ಇದ್ದಕ್ಕಿದ್ದ ಹಾಗೆ ತಣ್ಣಗಾಗಿ ನೀಲಿ ತಿರುಗಿತು. ಕಾಲಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದ್ದ ಗಡ್ಡೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದರೊಳಗೆ ಶಿಲೀಂಧ್ರದ ಎಳೆಗಳು ಕಂಡವು. ಕವಾಟದ ಮೇಲೆ ಬೆಳೆದದ್ದು ಚೂರು ಮುರಿದು ಕಾಲಿಗೆ ಹರಿದು ಬಂದಿತ್ತು. ಮತ್ತೆ ಎದೆ ತೆರೆದರು, ಔಷಧಿ ಹನಿಸಿದರು. ಆ ಔಷಧಿಗೆ ಮೈ ನಡುಗೋದು, ಮೂತ್ರಪಿಂಡ ಸೋಲೋದು. ಒಂದು ತಿಂಗಳ ಮೇಲೆ ಹೋರಾಡಿ ತೀರಿಕೊಂಡರು.

ಡಾಕ್ಟರು ನಮಗೆ ಅರ್ಥವಾಗಲಿ ಅಂತ ಕನ್ನಡದಲ್ಲಿ ಹೇಳಿದ್ದರು: "ಎದೆಯೊಳಗೆ ಬೂಷ್ಟು ಬೆಳೆದಿದೆ, ಅಣಬೆ ಜಾತೀದು." ಒಳ್ಳೇ ಮನಸ್ಸಿನಿಂದಲೇ ಹೇಳಿದರು. ಆದರೆ ಆ 'ಬೂಷ್ಟು' ಅನ್ನೋ ಒಂದು ಮಾತು ನಮಗಿಂತ ಮುಂಚೆ ಬಸ್ಸು ಹತ್ತಿ ಊರಿಗೆ ಬಂದುಬಿಟ್ಟಿತ್ತು. ನೀರಿನ ಟ್ಯಾಂಕಿನ ಹತ್ತಿರ ಒಬ್ಬರು, "ಬೂಷ್ಟು ಹಿಡಿದಿದ್ದು ಏನಾರಾ ಉಣ್ಣಾಕಿಕ್ಕಿರಬೇಕು" ಅಂದರಂತೆ. ಇನ್ನೊಬ್ಬರು, "ಮಾದಪ್ಪನ ಬೆಟ್ಟಕ್ಕೆ ಹೊತ್ತ ಹರಕೆ ತೀರಿಸದೆ ಆಪರೇಶನ್‌ಗೆ ಹೋದ್ರಲ್ಲ, ಅದಕ್ಕೇ" ಅಂದರು. ತಿಳಿದವರು ಅನಿಸಿಕೊಂಡವರು, "ಎಲ್ಲಾ ಆಸ್ಪತ್ರೆಯೋರ ಮೋಸ" ಅಂದರು. ಇವೆಲ್ಲ ನನಗೆ ಅಷ್ಟಾಗಿ ನಾಟಲಿಲ್ಲ. ನಾಟಿದ್ದು ಅಕ್ಕನ ಮಾತು. ತಿಥಿ ಮುಗಿದ ಮೇಲೆ ಒಂದು ದಿನ ಹಿತ್ತಿಲಲ್ಲಿ ಕೂತು ಹೇಳಿದಳು:

"ನಾನೇ ಕಣಪ್ಪ ಮಾಡಿದ್ದು. ಮಳೆಗೆ ನೆಂದ ರಾಗಿಹುಲ್ಲಿನ ಮೆದೆ ಬಿಚ್ಚಿ ಒಣಗಾಕು ಅಂತ ನಾನೇ ಕಳಿಸ್ದೆ. ಅವರು ಆ ಧೂಳೆಲ್ಲ ಕುಡುದ್ರು. ಎದೆ ಕುಯ್ಸ್ಕೊಂಡು ಬಂದಿರೋರ್ನ ನಾನು ಹಂಗೆ ಕಳಿಸಬಾರದಾಗಿತ್ತು."

ಆವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. "ಸುಮ್ನಿರಕ್ಕ, ಹಂಗೆಲ್ಲ ಅಂದ್ಕೋಬೇಡ" ಅಂದೆ. ಅದು ಉತ್ತರ ಅಲ್ಲ, ಬಾಯಿ ಮುಚ್ಚಿಸೋ ಮಾತು. ನಿಜವಾದ ಉತ್ತರ ಹುಡುಕಬೇಕಾದರೆ ಮೊದಲು ಕಾಯಿಲೆ ಏನು ಅಂತ ತಿಳಿಯಬೇಕು, ಆಮೇಲೆ ತಪ್ಪು ಅಂದರೆ ಏನು ಅಂತ ತಿಳಿಯಬೇಕು.

ಬಾವಿಗೆ ಮೋಟರು ಇಟ್ಟವರಿಗೆಲ್ಲ ಫುಟ್‌ವಾಲ್ವ್ ಗೊತ್ತು. ಮೇಲೆ ಬಂದ ನೀರು ವಾಪಸು ಇಳಿಯದ ಹಾಗೆ ಅದು ತಡೆಯುತ್ತೆ. ಹೃದಯದಲ್ಲಿ ಅಂಥವು ನಾಲ್ಕಿವೆ. ಹೃದಯ ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯುತ್ತೆ, ಪ್ರತಿ ಸಲವೂ ಅವು ತೆರೆದು ಮುಚ್ಚುತ್ತವೆ. ಆರೋಗ್ಯವಾಗಿರೋ ಕವಾಟದ ಮೇಲ್ಮೈ ಬಹಳ ನುಣುಪು. ರಕ್ತದಲ್ಲಿ ಯಾವುದಾದರೂ ಕ್ರಿಮಿ ತೇಲಿ ಬಂದರೂ ಅದಕ್ಕೆ ಹಿಡಿದುಕೊಳ್ಳೋಕೆ ಜಾಗ ಸಿಗೋದಿಲ್ಲ. ಕವಾಟ ಒರಟಾದರೆ, ಅಥವಾ ಅಲ್ಲಿ ಹೊರಗಿಂದ ತಂದ ಕವಾಟ ಕೂರಿಸಿದ್ದರೆ, ಆಗ ಹಿಡಿತ ಸಿಗುತ್ತೆ. ಹೆಚ್ಚಾಗಿ ಹಾಗೆ ಹತ್ತೋದು ಬ್ಯಾಕ್ಟೀರಿಯಾ. ಶಿಲೀಂಧ್ರ ಹತ್ತೋದು ನೂರರಲ್ಲಿ ಕೆಲವರಿಗೆ ಮಾತ್ರ. ಆದರೆ ಹತ್ತಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ, ಎಷ್ಟೋ ಕಡೆ ಅದಕ್ಕಿಂತ ಹೆಚ್ಚು, ಆಪರೇಶನ್ನು ಔಷಧಿ ಎರಡೂ ಸಿಕ್ಕರೂ ಉಳಿಯೋದಿಲ್ಲ.

ಹೀಗೆ ಮಾಡೋ ಶಿಲೀಂಧ್ರಗಳಲ್ಲಿ ಮುಖ್ಯವಾದವು ಎರಡು. ಒಂದು ಕ್ಯಾಂಡಿಡಾ. ಅದು ನಮ್ಮ ಬಾಯಲ್ಲಿ, ಕರುಳಲ್ಲಿ, ಚರ್ಮದ ಮೇಲೆ ಸುಮ್ಮನೆ ಬಿದ್ದುಕೊಂಡಿರುತ್ತೆ. ಇನ್ನೊಂದು ಆಸ್ಪರ್ಜಿಲಸ್. ಅದು ತಿಪ್ಪೆಯಲ್ಲಿ, ನೆಂದ ಹುಲ್ಲಿನಲ್ಲಿ, ಕೊಳೆತ ಎಲೆಯಲ್ಲಿ, ತೇವದ ಗೋಡೆಯಲ್ಲಿ ಬೆಳೆಯುತ್ತೆ. ಅದರ ಬೀಜದಂಥ ಕಣಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಬೆಂಗಳೂರಿನ ಮಹಡಿ ಮನೆಯಲ್ಲಿರೋರೂ, ಕಾಡಂಚಿನ ಗುಡಿಸಲಲ್ಲಿರೋರೂ ದಿನಕ್ಕೆ ನೂರಾರು ಕಣ ಉಸಿರಲ್ಲಿ ಒಳಗೆ ಎಳೆದುಕೊಳ್ತಾರೆ. ಆರೋಗ್ಯವಂತರ ಮೈ ಅದನ್ನು ಸದ್ದಿಲ್ಲದೆ ತೆಗೆದುಹಾಕುತ್ತೆ. ಭಾವನಿಗೆ ಬಂದದ್ದು ಈ ಎರಡನೇದು. ಇದನ್ನು ಹಿಡಿಯೋದು ಕಷ್ಟ. ಕವಾಟದ ಮೇಲೆ ಗೊಂಚಲು ಬೆಳೆದಿದ್ದರೂ ರಕ್ತ ತೆಗೆದು ಬೆಳೆಸಿ ನೋಡಿದರೆ ಬಹಳ ಸಲ ಏನೂ ಬರೋದಿಲ್ಲ. ಒಂದು ಚೂರು ಮುರಿದು ಕಾಲಿಗೋ ಮೆದುಳಿಗೋ ಹೋದ ಮೇಲೇ ಎಷ್ಟೋ ಸಲ ಗೊತ್ತಾಗೋದು.

ಈಗ ಊರಿನ ಮಾತುಗಳನ್ನು ಒಂದೊಂದಾಗಿ ತೂಗಿ ನೋಡೋಣ.

ಮೊದಲನೇದು ಕರ್ಮದ ಮಾತು. ಈ ಕಾಯಿಲೆ ಯಾರಿಗೆ ಬರುತ್ತೆ ಅಂತ ಓದುತ್ತಾ ಹೋದಾಗ ಒಂದು ಕಡೆ ನಿಂತುಬಿಟ್ಟೆ. ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಬರುತ್ತೆ. ಹಾಲು ಕುಡಿಯೋ ಶಕ್ತಿ ಇರೋದಿಲ್ಲ ಅಂತ ಅವುಗಳ ರಕ್ತನಾಳಕ್ಕೆ ಸಣ್ಣ ಕೊಳವೆ ಹಾಕಿ ವಾರಗಟ್ಟಲೆ ಆಹಾರ ಕೊಡ್ತಾರೆ. ಆ ಕೊಳವೆಯ ದಾರಿ ಹಿಡಿದು ಕ್ಯಾಂಡಿಡಾ ಹೃದಯಕ್ಕೆ ಹೋಗಬಹುದು. ಒಂದು ಕಿಲೋ ತೂಗೋ ಕೂಸು ಯಾವ ಹರಕೆ ಮರೆತಿತ್ತು? ಯಾರ ಸೊತ್ತು ತಿಂದಿತ್ತು? "ಹೋದ ಜನ್ಮದ್ದು" ಅನ್ನಬಹುದು. ಆದರೆ ಯಾವ ಸಂಕಟಕ್ಕೂ ಸರಿಹೊಂದೋ ಉತ್ತರ ಯಾವ ಸಂಕಟವನ್ನೂ ವಿವರಿಸೋದಿಲ್ಲ. ಎಲ್ಲ ಬೀಗಕ್ಕೂ ಆಗೋ ಕೀಲಿ ಕೈಯಲ್ಲಿದೆ ಅಂದರೆ ಅದು ಕೀಲಿ ಅಲ್ಲ, ಬೀಗ ಒಡೆಯೋ ಕಲ್ಲು.

ಹಾಗಂತ ಕರ್ಮ ಅನ್ನೋರನ್ನೆಲ್ಲ ನಾನು ನಗಾಡೋದಿಲ್ಲ. ನಮ್ಮ ತಾಯಿ ತನ್ನ ಕಷ್ಟಕ್ಕೆಲ್ಲ "ನನ್ನ ಹಣೇಲಿ ಬರೆದದ್ದು" ಅಂತಿದ್ದಳು. ಆ ಮಾತು ಹೇಳಿಕೊಂಡು ಎದ್ದು ಒಲೆ ಹಚ್ಚುತ್ತಿದ್ದಳು. ಅದು ಅವಳಿಗೆ ಊರುಗೋಲು. ಅದೇ ಮಾತನ್ನು ಇನ್ನೊಬ್ಬರ ಮನೆ ಬಾಗಿಲಲ್ಲಿ ನಿಂತು "ನಿನ್ನ ಹಣೇಲಿ ಬರೆದದ್ದು" ಅಂದರೆ ಊರುಗೋಲು ದೊಣ್ಣೆ ಆಗುತ್ತೆ. ತನ್ನ ನೋವಿಗೆ ತಾನು ಹೇಳಿಕೊಂಡರೆ ಸಮಾಧಾನ, ಇನ್ನೊಬ್ಬರ ನೋವಿಗೆ ಹೇಳಿದರೆ ಶಿಕ್ಷೆ. ಆದ್ದರಿಂದ ಆ ಮಾತು ಯಾರ ಬಾಯಿಂದ ಯಾರಿಗೆ ಬರ್ತಿದೆ ಅಂತ ನೋಡಬೇಕು.

ಎರಡನೇದು, ಅಕ್ಕನ ಮೇಲಿನ ದೂರು. ಬೂಷ್ಟು ಹಿಡಿದ ಊಟದ ಮಾತಂತೂ ನಿಲ್ಲೋದಿಲ್ಲ. ಹೊಟ್ಟೆಗೆ ಹೋದ ಬೂಷ್ಟು ಹೊಟ್ಟೆ ಕೆಡಿಸಬಹುದು. ಮುದ್ದೆ ಸಾರಿನ ದಾರಿ ಹಿಡಿದು ಕವಾಟಕ್ಕೆ ಹೋಗಿ ಕೂರೋದು ಈ ಕಾಯಿಲೆಯ ದಾರಿ ಅಲ್ಲ. ಮೆದೆಯ ಮಾತು ಸ್ವಲ್ಪ ಬೇರೆ. ಹೊಸ ಕವಾಟಕ್ಕೆ ಆಸ್ಪರ್ಜಿಲಸ್ ಹತ್ತೋದು ಹೆಚ್ಚಾಗಿ ಆಪರೇಶನ್ ಹೊತ್ತಿನಲ್ಲಿ, ಎದೆ ತೆರೆದಿರುವಾಗ ಗಾಳಿಯಿಂದ ಬಿದ್ದ ಕಣದಿಂದ ಅಂತ ತಿಳಿದವರು ಹೇಳ್ತಾರೆ. ಆಮೇಲೆ ಅದು ತಿಂಗಳುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತೆ. ಆದರೂ ವಾದಕ್ಕೆ ಅಕ್ಕನ ಮಾತೇ ನಿಜ ಅಂತ ಇಟ್ಟುಕೊಳ್ಳೋಣ. ಆ ಮೆದೆಯ ಧೂಳಿನ ಒಂದು ಕಣದಿಂದಲೇ ಬಂತು ಅಂತಲೇ ಅನ್ನೋಣ. ಆಗ ಅದು ಅವಳ ತಪ್ಪಾಗುತ್ತಾ?

ಇಲ್ಲಿ ನನಗೆ ನಮ್ಮೂರಿನ ಆನೆಗಳು ನೆನಪಾಗ್ತವೆ. ಕಾವೇರಿ ಕಾಡಿನಂಚಿನಲ್ಲಿ ರಾಗಿ ಬೆಳೆಯೋರಿಗೆ ಆನೆ ಹೊಸದಲ್ಲ. ತೆನೆ ಬಲಿಯೋ ಹೊತ್ತಿಗೆ ಒಂದು ರಾತ್ರಿ ಬಂದು ಒಬ್ಬರ ಹೊಲ ತುಳಿದು ಹೋಗುತ್ತೆ. ಹೊಲ ಹಾಳಾಗೋಕೆ ಕಾರಣ ಆನೆ. ಆದರೆ ಆನೆಯದು ತಪ್ಪು ಅಂತ ಯಾರಾದರೂ ಪಂಚಾಯ್ತಿ ಸೇರಿಸ್ತಾರಾ? ಅದಕ್ಕೆ ಹಸಿವು, ಬಂತು. ಆ ರಾತ್ರಿ ಅಟ್ಟಣೆಯಲ್ಲಿ ಕಾಯುತ್ತಿದ್ದವನಿಗೆ ಜ್ವರ ಬಂದು ಮಲಗಿದ್ದ ಅಂದ್ರೆ ಅವನದೂ ತಪ್ಪಲ್ಲ. ಹಾಗಾದ್ರೆ ಏನೂ ಇಲ್ಲವಾ? ಇದೆ. ಮಾರನೇ ರಾತ್ರಿ ಪಕ್ಕದ ಹೊಲದವರು ಆ ಅಟ್ಟಣೆಗೆ ಬಂದು ಕೂರಬೇಕು. ಅದು ಹೊಣೆ. ಕಾರಣ, ತಪ್ಪು, ಹೊಣೆ ಇವು ಮೂರೂ ಬೇರೆ ಬೇರೆ. ನಾವು ಮಾತಾಡೋವಾಗ ಮೂರನ್ನೂ ಒಂದೇ ಮೂಟೆಗೆ ಕಟ್ಟಿ ಯಾರದ್ದೋ ತಲೆಗೆ ಹೊರಿಸ್ತೀವಿ.

ತಪ್ಪು ಅನ್ನಬೇಕಾದರೆ ಮೂರು ಜರಡಿ ಆಡಿಸಬೇಕು ಅಂತ ನನಗೆ ತೋಚಿದೆ. ಹೀಗೆ ಮಾಡಿದರೆ ಹಾಗಾಗುತ್ತೆ ಅಂತ ಅವರಿಗೆ ಗೊತ್ತಿತ್ತಾ, ಇಲ್ಲ ಗೊತ್ತಿರಬೇಕಾಗಿತ್ತಾ? ಬೇರೆ ದಾರಿ ಅವರ ಕೈಯಲ್ಲಿತ್ತಾ? ಇದ್ದೂ ಅಸಡ್ಡೆ ಮಾಡಿದರಾ? ಮೂರಕ್ಕೂ ಹೌದು ಅಂತ ಬಂದರೆ ಅದು ತಪ್ಪು. ಅಕ್ಕನನ್ನು ಈ ಜರಡಿಗೆ ಹಾಕಿ ನೋಡಿ. ಹುಲ್ಲಿನ ಧೂಳು ಕವಾಟಕ್ಕೆ ಆಗದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಹುಲ್ಲು ಕೊಳೆತರೆ ಎರಡು ಹಸು ಉಪವಾಸ. ಅಸಡ್ಡೆ ಅಂತೀರಾ, ಆಪರೇಶನ್ ಆದ ಮೇಲೆ ಆ ಮನುಷ್ಯನ ಮಾತ್ರೆ ಒಂದು ಹೊತ್ತು ತಪ್ಪಿಸಿದವಳಲ್ಲ ಅವಳು. ಮೊದಲನೇ ಜರಡಿಯಲ್ಲೇ ಆ ದೂರು ಉದುರಿಹೋಗುತ್ತೆ.

ಮೂರನೇದು ಆಸ್ಪತ್ರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚನೆ ಮಾಡಬೇಕು. ಈ ಕಾಯಿಲೆಯ ವಿಚಿತ್ರ ಏನಂದ್ರೆ, ಇದಕ್ಕೆ ಬಾಗಿಲು ತೆರೆಯೋದು ಬಹಳ ಸಲ ಜೀವ ಉಳಿಸೋಕೆ ಮಾಡಿದ ಕೆಲಸವೇ. ಕೂರಿಸಿದ ಕವಾಟ, ಕುತ್ತಿಗೆಗೆ ಹಾಕಿದ ಕೊಳವೆ, ಬ್ಯಾಕ್ಟೀರಿಯಾ ಕೊಲ್ಲೋ ಜೋರು ಔಷಧಿ. ಆ ಔಷಧಿ ಕರುಳಿನ ಬ್ಯಾಕ್ಟೀರಿಯಾಗಳನ್ನು ಕೊಂದಾಗ ಖಾಲಿಯಾದ ಜಾಗದಲ್ಲಿ ಕ್ಯಾಂಡಿಡಾ ಹೆಚ್ಚುತ್ತೆ, ಕಳೆ ಕಿತ್ತ ಹೊಲದಲ್ಲಿ ಇನ್ನೊಂದು ಕಳೆ ಹುಟ್ಟಿದ ಹಾಗೆ. ಕವಾಟ ಹಾಕದೆ ಬಿಟ್ಟಿದ್ದರೆ ಭಾವ ಆ ಎಂಟು ತಿಂಗಳೂ ಕಾಣುತ್ತಿರಲಿಲ್ಲವೇನೋ. ಉಪಕಾರದಿಂದ ಅಪಾಯ ಹುಟ್ಟಿತು ಅಂತ ಉಪಕಾರವನ್ನೇ ಅಪಕಾರ ಅನ್ನೋಕಾಗಲ್ಲ.

ಆದರೆ ಆಸ್ಪತ್ರೆಗಳು ತಪ್ಪೇ ಮಾಡಲ್ಲ ಅಂತಲೂ ಅಲ್ಲ. ಆಪರೇಶನ್ ಕೋಣೆಯ ಪಕ್ಕದಲ್ಲಿ ಗೋಡೆ ಒಡೆದು ಕಟ್ಟಡ ಕೆಲಸ ಮಾಡಿದರೆ ಆಸ್ಪರ್ಜಿಲಸ್ ಕಣ ಗಾಳಿಯಲ್ಲಿ ಹೆಚ್ಚುತ್ತೆ ಅನ್ನೋದು ವೈದ್ಯರಿಗೆ ಚೆನ್ನಾಗಿ ಗೊತ್ತಿರೋ ವಿಷಯ. ಕೈ ತೊಳೆಯದೆ ಕೊಳವೆ ಮುಟ್ಟಬಾರದು, ಬೇಡವಾದ ಮೇಲೆ ಒಂದು ದಿನವೂ ಕೊಳವೆ ಇರಬಾರದು ಅನ್ನೋದೂ ಗೊತ್ತು. ಗೊತ್ತಿದ್ದೂ, ಕೈಯಲ್ಲಿದ್ದೂ ಬಿಟ್ಟರೆ ಅದು ಮೂರು ಜರಡಿಯಲ್ಲೂ ನಿಲ್ಲೋ ತಪ್ಪು. ಭಾವನ ವಿಷಯದಲ್ಲಿ ಹಾಗೆ ಆಯಿತು ಅನ್ನೋದಕ್ಕೆ ನನ್ನ ಕೈಯಲ್ಲಿ ಒಂದೂ ಸಾಕ್ಷಿ ಇಲ್ಲ. ಸಾಕ್ಷಿ ಇಲ್ಲದೆ ಅಕ್ಕನ ಮೇಲೆ ಹೊರಿಸಿದ್ದು ಅನ್ಯಾಯವಾದರೆ, ಸಾಕ್ಷಿ ಇಲ್ಲದೆ ಡಾಕ್ಟರ ಮೇಲೆ ಹೊರಿಸೋದೂ ಅನ್ಯಾಯವೇ. ನಮ್ಮವರಿಗೊಂದು ತಕ್ಕಡಿ, ಬೇರೆಯವರಿಗೊಂದು ತಕ್ಕಡಿ ಇಟ್ಟುಕೊಳ್ಳೋ ಹಾಗಿಲ್ಲ.

ಇನ್ನು ಬೂಷ್ಟಿನ ತಪ್ಪು ಅನ್ನೋಣ ಅಂದ್ರೆ, ಅದೂ ಆನೆಯ ಹಾಗೇ. ಅದಕ್ಕೆ ಯಾರ ಮೇಲೂ ಹಗೆ ಇಲ್ಲ. ಅದು ಇಲ್ಲದೆ ಇದ್ದರೆ ತಿಪ್ಪೆ ಗೊಬ್ಬರವಾಗೋದಿಲ್ಲ, ಬಿದ್ದ ಎಲೆ ಮಣ್ಣಾಗೋದಿಲ್ಲ. 1928ರಲ್ಲಿ ಲಂಡನ್ನಿನಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ತನ್ನ ತಟ್ಟೆಯಲ್ಲಿ ಬೂಷ್ಟು ಬಿದ್ದ ಜಾಗದ ಸುತ್ತ ಬ್ಯಾಕ್ಟೀರಿಯಾ ಸತ್ತಿದ್ದನ್ನು ಕಂಡ. ಅದರಿಂದ ಪೆನಿಸಿಲಿನ್ ಬಂತು. ಕೋಟ್ಯಂತರ ಜೀವ ಉಳಿಸಿದ್ದು ಒಂದು ಬೂಷ್ಟೇ.

ಹಾಗಾದ್ರೆ ಯಾರದ್ದೂ ತಪ್ಪಿಲ್ಲ, ಎದ್ದು ಮನೆಗೆ ಹೋಗೋಣ ಅಂತ ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಬಹಳ ಜನ ಇಲ್ಲಿಗೇ ನಿಲ್ಲಿಸ್ತಾರೆ. ನನಗೆ ನಿಲ್ಲಿಸೋಕಾಗಲಿಲ್ಲ. ತಪ್ಪು ಯಾರದ್ದೂ ಅಲ್ಲ ಅಂದ ತಕ್ಷಣ ಹೊಣೆಯೂ ಯಾರದ್ದೂ ಅಲ್ಲ ಅಂತ ಆಗಲ್ಲ. ಅಟ್ಟಣೆ ಖಾಲಿ ಇದೆ. ಯಾರು ಕೂರಬೇಕು?

ಭಾವನ ಕತೆಯನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಅವರಿಗೆ ಹತ್ತು ವರ್ಷ ಇದ್ದಾಗ ಗಂಟಲು ನೋವು ಬಂದು ಹೋಗಿ, ಆಮೇಲೆ ಮಂಡಿ, ಮೊಣಕೈ ಊದಿ ಜ್ವರ ಬಂದಿತ್ತು. ಇವತ್ತು ಒಂದು ಕೀಲು, ನಾಳೆ ಇನ್ನೊಂದು. ಊರಲ್ಲಿ ವಾಯು ಅಂದರು, ಎಣ್ಣೆ ತಿಕ್ಕಿದರು. ಅದು ರುಮ್ಯಾಟಿಕ್ ಜ್ವರ. ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾ ಗಂಟಲಿಗೆ ಬಂದಾಗ ಮೈ ಅದರ ಮೇಲೆ ಯುದ್ಧಕ್ಕೆ ನಿಲ್ಲುತ್ತೆ. ಕೆಲವು ಮಕ್ಕಳಲ್ಲಿ ಆ ಯುದ್ಧ ದಾರಿ ತಪ್ಪಿ ಸ್ವಂತ ಕೀಲನ್ನೂ ಹೃದಯದ ಕವಾಟವನ್ನೂ ಹೊಡೆಯುತ್ತೆ. ಹೆಚ್ಚಾಗಿ 5ರಿಂದ 15 ವರ್ಷದ ಒಳಗೆ. ಕೀಲಿನ ಊತ ಇಳಿದುಹೋಗುತ್ತೆ, ಎಲ್ಲರೂ ವಾಸಿಯಾಯ್ತು ಅಂದುಕೊಳ್ತಾರೆ. ಕವಾಟದ ಗಾಯ ಉಳಿಯುತ್ತೆ. ಪ್ರತಿ ಸಲ ಗಂಟಲು ಕೆಟ್ಟಾಗ ಅದು ಇನ್ನಷ್ಟು ಗಟ್ಟಿಯಾಗುತ್ತೆ. ಇದನ್ನು ತಡೆಯೋಕೆ 21 ದಿನಕ್ಕೊಂದು ಪೆನಿಸಿಲಿನ್ ಸೂಜಿ ವರ್ಷಗಟ್ಟಲೆ ಹಾಕಬೇಕು. ಅಗ್ಗದ ಸೂಜಿ. ಭಾವನಿಗೂ ಯಾರೋ ಒಬ್ಬ ಡಾಕ್ಟರು ಹೇಳಿದ್ದರಂತೆ. ಎರಡು ಸಲ ಹಾಕಿಸಿದರು. ಆಮೇಲೆ ಬಸ್ಸಿಲ್ಲ, ಕೂಲಿ ತಪ್ಪುತ್ತೆ, ಹುಡುಗ ಚೆನ್ನಾಗೇ ಇದ್ದಾನೆ, ಸೂಜಿ ನೋವು ಅಂತ ಅಳ್ತಾನೆ. ಬಿಟ್ಟರು.

ಯೋಚನೆ ಮಾಡಿ. ಒಂದು ಬೂಷ್ಟಿನಿಂದ ಬಂದ ಔಷಧಿ ಹೊತ್ತಿಗೆ ಸಿಗದೆ ಕವಾಟ ಕೆಟ್ಟಿತು. ಕೆಟ್ಟ ಕವಾಟದ ಜಾಗದಲ್ಲಿ ಇನ್ನೊಂದು ಬೂಷ್ಟು ಬಂದು ಕೂತಿತು. ಮೂವತ್ತು ವರ್ಷದ ಅಂತರದಲ್ಲಿ ಇಷ್ಟೇ ಕತೆ. ಆ ತಂದೆತಾಯಿಗೆ ತಪ್ಪು ಹೊರಿಸ್ತೀರಾ? ಜರಡಿಗೆ ಹಾಕಿ, ಉದುರಿಹೋಗ್ತಾರೆ. ಆದರೆ ಆವತ್ತು ಆ ಹುಡುಗ ಶಾಲೆಯಲ್ಲಿ ಕುಂಟಿಕೊಂಡು ನಡೆದಾಗ ಒಬ್ಬ ಮೇಷ್ಟ್ರಿಗೆ ಇದು ಗೊತ್ತಿದ್ದಿದ್ದರೆ? ಸೂಜಿ ದಿನ ಜ್ಞಾಪಿಸೋಕೆ ಊರಲ್ಲಿ ಒಬ್ಬರಿದ್ದಿದ್ದರೆ? ಆಪರೇಶನ್ ಆದ ಮೇಲೆ ಜ್ವರ ಬಂದ ಮೊದಲನೇ ವಾರದಲ್ಲೇ, "ಕವಾಟ ಹಾಕಿಸಿಕೊಂಡವರು ಅಂಗಡಿ ಮಾತ್ರೆ ನುಂಗಬಾರದು, ಮೊದಲು ರಕ್ತ ತೆಗೆಸಬೇಕು, ಕವಾಟ ಹಾಕಿದ ಜಾಗಕ್ಕೇ ಹೋಗಬೇಕು" ಅಂತ ನಮ್ಮಲ್ಲಿ ಒಬ್ಬರು ಹೇಳಿದ್ದರೆ? ಆ ಒಬ್ಬ ನಾನೇ ಆಗಬಹುದಾಗಿತ್ತು. ನಾನು ಓದಿದವನು, ವಾರಕ್ಕೆ ಎರಡು ಸಲ ಅವರ ಮನೆಗೆ ಹೋಗ್ತಿದ್ದವನು. ಜ್ವರ ಅಂದಾಗ ನಾನೂ "ಒಂದು ಮಾತ್ರೆ ತಗೊಳ್ಳಿ ಭಾವ" ಅಂದಿದ್ದೆ. ಊರಿನವರು ಅಕ್ಕನ ಕಡೆ ಬೆರಳು ತೋರಿಸಿದರು, ನನ್ನ ಕಡೆ ಒಬ್ಬರೂ ತೋರಿಸಲಿಲ್ಲ. ಅದನ್ನು ನಾನು ಮರೆಯೋದಿಲ್ಲ. ದೂರು ಯಾವಾಗಲೂ ತಗ್ಗಿನ ಕಡೆಗೇ ಹರಿಯುತ್ತೆ. ಮನೆಯಲ್ಲಿ ಹೆಂಗಸಿನ ಮೇಲೆ, ಊರಲ್ಲಿ ಬಡವರ ಮೇಲೆ.

ಇನ್ನೊಂದು ಅಟ್ಟಣೆ ನಮ್ಮ ಹೊಲದಲ್ಲೇ ಇದೆ. ಟೊಮೇಟೊಗೆ, ಹೂವಿಗೆ ರೋಗ ಬಂದಾಗ ಅಂಗಡಿಯವರು ಕೊಡೋ ಔಷಧಿಗಳಲ್ಲಿ ಟೆಬುಕೊನಜೋಲ್, ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್ ಅನ್ನೋ ಹೆಸರುಗಳನ್ನು ಡಬ್ಬದ ಮೇಲೆ ನೋಡಿರ್ತೀರಿ. ಆಸ್ಪರ್ಜಿಲಸ್ ಹತ್ತಿದ ಮನುಷ್ಯನಿಗೆ ಕೊಡೋ ಮುಖ್ಯ ಔಷಧಿಗಳಲ್ಲಿ ಒಂದರ ಹೆಸರು ವೊರಿಕೊನಜೋಲ್. ಬಾಲ ಒಂದೇ ಇದೆ ನೋಡಿ, ಎಲ್ಲ ಒಂದೇ ಮನೆತನದವು. ಹೊಲದಲ್ಲಿ ಈ ಔಷಧಿ ಮತ್ತೆ ಮತ್ತೆ ಬಿದ್ದಾಗ ಮಣ್ಣಿನಲ್ಲಿರೋ ಆಸ್ಪರ್ಜಿಲಸ್ ಅದಕ್ಕೆ ಬಗ್ಗದ ಹಾಗೆ ಬದಲಾಗಬಲ್ಲದು. ಹಾಲೆಂಡಿನಲ್ಲಿ ಇದು ಮೊದಲು ಕಣ್ಣಿಗೆ ಬಿತ್ತು. ಆ ಮಾತ್ರೆಯನ್ನು ಯಾವತ್ತೂ ನುಂಗದ ರೋಗಿಗಳ ಮೈಯಲ್ಲಿ ಮಾತ್ರೆಗೆ ಬಗ್ಗದ ಆಸ್ಪರ್ಜಿಲಸ್ ಸಿಕ್ಕಿತು. ಹೂವಿನ ಬೆಳೆಯ ಕಸ ಕೊಳೆಯೋ ರಾಶಿಗಳಲ್ಲಿ ಅದು ಬೆಳೀತಿತ್ತು. ನಮ್ಮ ದೇಶದ ಮಣ್ಣಿನಲ್ಲೂ ಅಂಥದ್ದು ಸಿಕ್ಕಿದೆ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮನುಷ್ಯರಿಗೆ ಅಪಾಯವಾದ 19 ಶಿಲೀಂಧ್ರಗಳ ಪಟ್ಟಿ ಮಾಡಿತು. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿಟ್ಟ ನಾಲ್ಕರಲ್ಲಿ ಇದೂ ಒಂದು.

ಹಾಗಂತ ಔಷಧಿ ಹೊಡೆಯೋ ರೈತ ಪಾಪಿ ಅಂತ ನಾನು ಹೇಳ್ತಿಲ್ಲ. ಹೊಸೂರು ಕಡೆ ಗುಲಾಬಿ ಬೆಳೆದು ಸಾಲ ತೀರಿಸೋನಿಗೂ ಮಕ್ಕಳಿದ್ದಾರೆ. ಅವನಿಗೆ ಇದು ಗೊತ್ತಿರಲಿಲ್ಲ, ಮೊದಲನೇ ಜರಡಿಯಲ್ಲೇ ಉದುರಿಹೋಗ್ತಾನೆ. ಆದರೆ ಈ ಪುಟ ಓದಿದ ಮೇಲೆ? ಇಲ್ಲಿಂದ ಮುಂದೆ ಗೊತ್ತಿರಲಿಲ್ಲ ಅನ್ನೋ ಹಾಗಿಲ್ಲ. ರೋಗ ಇಲ್ಲದಾಗ ಸುಮ್ಮನೆ ಹೊಡೆಯಬಾರದು, ಡಬ್ಬದಲ್ಲಿ ಬರೆದ ಅಳತೆ ಮೀರಬಾರದು, ಒಂದೇ ಔಷಧಿಯನ್ನೇ ಸಾಲಾಗಿ ಹೊಡೆಯಬಾರದು. ಇಷ್ಟು ಮಾಡೋದು ಕೈಲಾಗದ ಮಾತಲ್ಲ, ದುಡ್ಡೂ ಉಳಿಯುತ್ತೆ.

ಇದನ್ನೆಲ್ಲ ಓದುವಮನೆಯ ಜಗಲಿಯಲ್ಲಿ ಮಾತಾಡ್ತಿದ್ದಾಗ ಹಿರಿಯರೊಬ್ಬರು ಒಂದು ಮಾತಂದರು. "ನೋಡಪ್ಪ, ತಿಳ್ಕೊಂಡಷ್ಟೂ ಭಾರ. ಗೊತ್ತಿಲ್ದೇ ಇದ್ರೆ ತಪ್ಪಿಲ್ಲ ಅಂತ ನೀನೇ ಅಂತೀಯ. ಅಂಗಾರೆ ತಿಳ್ಕೊಳ್ದೇ ಇರೋದೇ ವಾಸಿ ಅಲ್ವಾ?" ಒಳ್ಳೇ ಪ್ರಶ್ನೆ. ನಾನು ಒಂದು ದಿನ ಕಾಲಾವಕಾಶ ಕೇಳಿದೆ. ಮಾರನೇ ದಿನ ಹೇಳಿದ್ದು ಇದು: ಗೊತ್ತಿಲ್ಲದವರ ತಲೆ ಮೇಲೆ ಭಾರ ಇರೋದಿಲ್ಲ ಅನ್ನೋದು ಸುಳ್ಳು. ಅಕ್ಕನಿಗೆ ಏನೂ ಗೊತ್ತಿರಲಿಲ್ಲ. ಆದರೂ ಒಂದು ಮೆದೆ ಹುಲ್ಲಿನ ಭಾರ ಅವಳ ಎದೆ ಮೇಲೆ ಕೂತಿತ್ತಲ್ಲ? ತಿಳಿಯದೇ ಇದ್ದರೆ ಭಾರ ತಪ್ಪೋದಿಲ್ಲ, ನಮ್ಮದಲ್ಲದ ಭಾರ ಹೊರಬೇಕಾಗುತ್ತೆ. ತಿಳಿದರೆ ನಮ್ಮದು ಯಾವುದೋ ಅಷ್ಟನ್ನು ಹೊತ್ತರೆ ಸಾಕು.

ಹೀಗೆ ತಮ್ಮ ಪಾಲಿನ ಭಾರ ಹೊತ್ತವರನ್ನು ನೆನೆಯೋದು ಒಳ್ಳೇದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾಕ್ಟರ್ ವಲಿಯತ್ತಾನ್ ಮತ್ತು ಅವರ ಜೊತೆಯವರು ನಮ್ಮ ದೇಶದಲ್ಲೇ ಹೃದಯದ ಕವಾಟ ಮಾಡೋಕೆ ಹೊರಟರು. ಹೊರದೇಶದ ಕವಾಟ ಬಡವರ ಕೈಗೆ ಎಟುಕುತ್ತಿರಲಿಲ್ಲ. ಮೊದಲ ಮೂರು ಮಾದರಿಗಳು ಸೋತವು. ಪ್ರತಿ ಸಲ ಎಲ್ಲಿ ಕೆಟ್ಟಿತು ಅಂತ ಹುಡುಕಿ ಮತ್ತೆ ಕೂತರು. ನಾಲ್ಕನೇದು ನಿಂತಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ಸಲ ಮನುಷ್ಯರಿಗೆ ಕೂರಿಸಿದರು. ಎಲ್ಲಿ ಕೆಟ್ಟಿತು ಅಂತ ಕೇಳಿದವರು ನಾಲ್ಕನೇ ಕವಾಟಕ್ಕೆ ಹೋದರು. ಯಾರಿಂದ ಕೆಟ್ಟಿತು ಅಂತ ಮಾತ್ರ ಕೇಳುತ್ತಾ ಕೂತಿದ್ದರೆ ಮೊದಲನೇದರಲ್ಲೇ ಮುಗಿದುಹೋಗ್ತಿತ್ತು.

ಇನ್ನಿಬ್ಬರು ಹೆಂಗಸರು ಅಮೆರಿಕಾದವರು, ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ಮನುಷ್ಯನಿಗೆ ಬರೋ ಶಿಲೀಂಧ್ರಕ್ಕೆ ಔಷಧಿ ಹುಡುಕೋಕೆ ಅವರು ನೋಡಿದ್ದು ಮಣ್ಣನ್ನು. ಒಬ್ಬ ಸ್ನೇಹಿತರ ಹಸು ಸಾಕೋ ತೋಟದ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ 1950ರಲ್ಲಿ ನಿಸ್ಟಾಟಿನ್ ಅನ್ನೋ ಔಷಧಿ ತಂದರು. ಕೂಸುಗಳ ಬಾಯಿ ಬೆಳ್ಳಗಾದಾಗ ಕೊಡೋ ಹನಿ ಅದು. ಅದರಿಂದ ಬಂದ 1 ಕೋಟಿ 30 ಲಕ್ಷ ಡಾಲರಿಗೂ ಮೇಲಿನ ಹಣದಲ್ಲಿ ತಮಗೆ ಅಂತ ಒಂದು ಕಾಸು ಇಟ್ಟುಕೊಳ್ಳದೆ ವಿಜ್ಞಾನದ ಕೆಲಸಕ್ಕೆ ಬಿಟ್ಟುಕೊಟ್ಟರು. ಭಾವನಿಗೆ ಹನಿಸಿದ ಆಂಫೊಟೆರಿಸಿನ್ ಕೂಡ ಮಣ್ಣಿನಿಂದಲೇ ಬಂದದ್ದು, ದಕ್ಷಿಣ ಅಮೆರಿಕಾದ ಒರಿನೊಕೊ ನದಿ ಕಡೆಯ ಮಣ್ಣು. 2021ರ ಮೇ ತಿಂಗಳಲ್ಲಿ ಕೊರೋನಾ ಜೊತೆಗೆ ಕಪ್ಪು ಶಿಲೀಂಧ್ರ ಬಂದಾಗ ಇದೇ ಔಷಧಿಗೆ ಜನ ಊರೂರು ಅಲೆದದ್ದು ನಮಗೆಲ್ಲ ನೆನಪಿದೆ. ಅಪರೂಪದ ಕಾಯಿಲೆ, ಕೊಳ್ಳೋರು ಕಡಿಮೆ ಅಂತ ಔಷಧಿ ಕಡಿಮೆ ಮಾಡಿ ಇಟ್ಟರೆ, ಬೇಕಾದ ದಿನ ಅದು ಇರೋದಿಲ್ಲ. ಅದು ಸರ್ಕಾರ ಕೂರಬೇಕಾದ ಅಟ್ಟಣೆ.

ಕೊನೆಗೆ ಅಕ್ಕನ ವಿಷಯ. ಇದನ್ನೆಲ್ಲ ಅವಳಿಗೆ ಒಂದೇ ದಿನ ಹೇಳಲಿಲ್ಲ. ಸ್ವಲ್ಪ ಸ್ವಲ್ಪ ಹೇಳಿದೆ. ಕವಾಟದ ಚಿತ್ರ ಬರೆದು ತೋರಿಸಿದೆ. ಗಾಳಿಯಲ್ಲಿ ಎಲ್ಲ ಕಡೆಯೂ ಆ ಕಣ ಇದೆ ಅಂದೆ. ಎಲ್ಲ ಕೇಳಿ, "ಹಂಗಾರೆ ನಂದು ಏನೂ ಇಲ್ವಾ?" ಅಂದಳು. ಆ ಪ್ರಶ್ನೆಯಲ್ಲಿ ಬಿಡುಗಡೆ ಇತ್ತು, ಸ್ವಲ್ಪ ಭಯವೂ ಇತ್ತು. ತನ್ನ ತಪ್ಪು ಅಂತ ಅಂದುಕೊಂಡಿದ್ದಾಗ ಗಂಡನ ಸಾವಿಗೆ ಒಂದು ಅರ್ಥವಾದರೂ ಇತ್ತು. ತಪ್ಪಿಲ್ಲ ಅಂದರೆ ಸುಮ್ಮನೆ ಹೋಗಿಬಿಟ್ಟರು ಅಂತ ಆಗುತ್ತಲ್ಲ. ನಾನು, "ತಪ್ಪು ಇಲ್ಲಕ್ಕ. ಮಾಡಬೇಕಾದ್ದು ಇದೆ" ಅಂದೆ.

ಹೋದ ಕಾರ್ತಿಕದಲ್ಲಿ ಅವಳ ಮೊಮ್ಮಗನಿಗೆ ಗಂಟಲು ನೋವು ಬಂದು ನಾಲ್ಕು ದಿನ ಆಗಿತ್ತು. ಆಮೇಲೆ ಮಂಡಿ ನೋವು ಅಂದ. ಅಕ್ಕ ಯಾರನ್ನೂ ಕೇಳಲಿಲ್ಲ. ಬೆಳಗಿನ ಬಸ್ಸಿಗೆ ಹುಡುಗನನ್ನು ಎತ್ತಿಕೊಂಡು ಅಂಚೆಟ್ಟಿಗೆ ಹೋದಳು. ಅಲ್ಲಿ ಡಾಕ್ಟರ ಮುಂದೆ ನಿಂತು, "ಎದೆಗೆ ಕೊಳವೆ ಇಟ್ಟು ಸರ್ಯಾಗಿ ನೋಡಿ ಸಾರ್, ಕವಾಟದ ಜ್ವರ ಇರಬೋದು" ಅಂದಳಂತೆ. ನೋಡಿದರು. ಅಂಥದ್ದೇನೂ ಇರಲಿಲ್ಲ. ಹುಡುಗ ಆಟದಲ್ಲಿ ಬಿದ್ದು ಮಂಡಿ ತರಚಿಕೊಂಡಿದ್ದ. ಗಂಟಲಿಗೆ ಔಷಧಿ ಕೊಟ್ಟು, ಪೂರ್ತಿ ಮುಗಿಸಬೇಕು ಅಂತ ಹೇಳಿ ಕಳಿಸಿದರು.

"ಸುಮ್ನೆ ಒಂದು ದಿನದ ಕೂಲಿ ದಂಡ" ಅಂದರು ಪಕ್ಕದ ಮನೆಯವರು. ಅಕ್ಕ ಏನೂ ಅನ್ನಲಿಲ್ಲ. ಮಾತ್ರೆ ಚೀಟಿಯನ್ನು ಗೂಡಿನಲ್ಲಿಟ್ಟು, ಹಸುವಿಗೆ ಹುಲ್ಲು ಹಾಕೋಕೆ ಹೋದಳು. ಮೂರು ವರ್ಷದಲ್ಲಿ ಆ ಮೆದೆಯ ಹತ್ತಿರ ಅವಳು ತಾನಾಗಿ ಹೋಗಿದ್ದು ನಾನು ಕಂಡದ್ದು ಅದೇ ಮೊದಲು.